ಪ್ರೇಮಕವಿ ಮತ್ತು ಪ್ರಭುತ್ವ: ಬೈಲಹೊಂಗಲ ಪರಿಸರದಿಂದ ಒಂದು ತೌಲನಿಕ ನೋಟ

ಮಲಪ್ರಭೆಯ ಆಸುಪಾಸಿನಲ್ಲಿ ಹರಡಿಕೊಂಡಿರುವ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಪ್ರದೇಶವನ್ನು ನಾಡಿನ ಚರಿತ್ರೆಕಾರರು ಸಾಮಾನ್ಯವಾಗಿ ವೀರಭೂಮಿಯೆಂದು ವರ್ಣಿಸುತ್ತ ಬಂದಿದ್ದಾರೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಥ್ಯಾಕರೆ ಕಿತ್ತೂರಿನ ಕೋಟೆಯೆದುರು ಮಡಿದದ್ದು, ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಬಿದ್ದದ್ದು, ರಾಣಿ ಚನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಬಂಧನದಲ್ಲಿದ್ದು 1829ರ ಫೆಬ್ರುವರಿಯಲ್ಲಿ ತೀರಿಕೊಂಡದ್ದು, ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದು, ಇವೆಲ್ಲ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿಗಳು. ಆದರೆ ಈ ನೆಲ ವೀರರಸವನ್ನು ಹಾಡಿದಷ್ಟೇ ತನ್ಮಯತೆಯಿಂದ ಶೃಂಗಾರವನ್ನೂ ಹಾಡಿದೆಯೆಂಬುದನ್ನು ನಾವು ತುಸು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇವೆ. ರಾಯಣ್ಣನ ಲಾವಣಿಯನ್ನು ಹಾಡಿದ ಮೇಳದ ಬಾಯಲ್ಲಿಯೇ ಗಂಗಿಯ ಚೆಲುವಿನ ವರ್ಣನೆಯೂ ಬಂದಿದೆ. ಎರಡಕ್ಕೂ ಒಂದೇ ದಪ್ಪು, ಒಂದೇ ತುಂತುಣಿ.

ಒಲವನ್ನು ಹಾಡುವ ಕವಿಗೂ ರಾಜ್ಯವಾಳುವ ಶಕ್ತಿಗೂ ಏನು ಸಂಬಂಧ? ಪ್ರೇಮಗೀತೆ ಪ್ರಭುತ್ವವನ್ನು ಏಕೆ ಕಾಡಬೇಕು? ಈ ಪ್ರಶ್ನೆಯನ್ನು ಬೈಲಹೊಂಗಲ ಪರಿಸರದ ಸಂಗ್ಯಾ-ಬಾಳ್ಯಾ ಕಥನ, ಅದನ್ನು ಅಚ್ಚಿಗೆ ತಂದ ಬ್ರಿಟಿಷ್ ಅಧಿಕಾರಿ ಫ್ಲೀಟ್, ಮತ್ತು ಬೆಳಗಾವಿಯ ಹಿಂಡಲಗಾ ಸೆರೆಮನೆಯನ್ನು ಕಂಡ ದ.ರಾ. ಬೇಂದ್ರೆ, ಈ ಮೂರು ನೆಲೆಗಳಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೋಲಿಕೆಗೆಂದು ಎರಡು ಸಾವಿರ ವರ್ಷ ಹಿಂದಿನ ರೋಮಿನ ಕವಿ ಓವಿಡ್‌ನನ್ನು ತೆಗೆದುಕೊಳ್ಳಲಾಗಿದೆ. ಪ್ರೇಮಕಾವ್ಯವನ್ನು ಬರೆದುದಕ್ಕಾಗಿ ಚಕ್ರವರ್ತಿಯೊಬ್ಬನಿಂದ ದಂಡನೆಗೆ ಗುರಿಯಾದ ಕವಿಗಳಲ್ಲಿ ಅವನೇ ಪ್ರಸಿದ್ಧನಾದುದರಿಂದ ಅವನ ಪ್ರಕರಣವನ್ನು ಮೊದಲು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಓವಿಡ್ ಹುಟ್ಟಿದ್ದು ಕ್ರಿ.ಪೂ. 43ರಲ್ಲಿ, ಜೂಲಿಯಸ್ ಸೀಸರನ ಕೊಲೆಯ ಮರುವರ್ಷ, ಇಟಲಿಯ ಸುಲ್ಮೋ ಎಂಬ ಊರಿನಲ್ಲಿ. ತಂದೆಗೆ ಮಗ ವಕೀಲಿಕೆ ಕಲಿತು ರಾಜ್ಯದ ಅಧಿಕಾರಸ್ಥಾನಗಳನ್ನು ಏರಬೇಕೆಂಬ ಆಸೆ. ಮಗ ವಾಕ್ಚಾತುರ್ಯವನ್ನೇನೋ ಕಲಿತ. ಆದರೆ ಅದನ್ನು ನ್ಯಾಯಸಭೆಗೆ ಒಯ್ಯದೆ ಪದ್ಯಕ್ಕೆ ತಂದ. ಅವನಿಗಿಂತ ಹಿಂದಿನ ತಲೆಮಾರಿನ ಕವಿಗಳಾದ ವರ್ಜಿಲ್ ಮತ್ತು ಹೊರೇಸ್ ಅಂತರ್ಯುದ್ಧದ ರಕ್ತಪಾತವನ್ನು ಕಂಡಿದ್ದರು. ಆ ಯುದ್ಧವನ್ನು ನಿಲ್ಲಿಸಿ ಕ್ರಿ.ಪೂ. 27ರಲ್ಲಿ 'ಅಗಸ್ಟಸ್' ಎಂಬ ಬಿರುದನ್ನು ಧರಿಸಿದ ಆಕ್ಟೇವಿಯನ್‌ನಲ್ಲಿ ಅವರಿಗೆ ಒಂದು ಬಗೆಯ ಕೃತಜ್ಞತೆ ಇದ್ದುದು ಸಹಜ. ಓವಿಡ್‌ನಿಗಾದರೋ ಶಾಂತಿ ಹುಟ್ಟಿನಿಂದಲೇ ಸಿಕ್ಕ ಆಸ್ತಿಯಂತಿತ್ತು. ಅದಕ್ಕಾಗಿ ಯಾರಿಗೋ ಋಣಿಯಾಗಿರಬೇಕೆಂಬ ಭಾವ ಅವನ ಆರಂಭದ ಕಾವ್ಯಗಳಲ್ಲಿ ಕಾಣುವುದಿಲ್ಲ.

ಕನ್ನಡದ ಓದುಗರಿಗೆ ಈ ಭೇದ ಬೇಗ ಮನದಟ್ಟಾಗಬೇಕು. ಆಶ್ರಯದಾತನಾದ ಅರಸನನ್ನು ಕಾವ್ಯದ ನಾಯಕನೊಡನೆ 'ತಗುಳ್ಚಿ' ಹೇಳುವ ಪದ್ಧತಿ ಪಂಪನಿಂದ ನಮ್ಮಲ್ಲಿ ಪ್ರಸಿದ್ಧವಾಗಿದೆ. ಪಂಪನಿಗೆ ಅರಿಕೇಸರಿ ಅರ್ಜುನ. ಈ ಪ್ರದೇಶಕ್ಕೆ ದೂರವಲ್ಲದ ಮುಧೋಳದಲ್ಲಿ ಹುಟ್ಟಿದ ರನ್ನನಿಗೆ ಸತ್ಯಾಶ್ರಯ ಭೀಮ. ಸವದತ್ತಿಯ ರಟ್ಟರಲ್ಲಿಯೂ ಕವಿಗಳಿಗೆ ಆಶ್ರಯವಿತ್ತು. ನಾಲ್ಕನೆಯ ಕಾರ್ತವೀರ್ಯನ ಆಸ್ಥಾನದಲ್ಲಿ ಪಾರ್ಶ್ವಪಂಡಿತನಿದ್ದ. ವರ್ಜಿಲ್ ತನ್ನ ಮಹಾಕಾವ್ಯದಲ್ಲಿ ಟ್ರಾಯ್‌ನಿಂದ ಬಂದ ಈನಿಯಾಸನ ಹಿಂದೆ ಅಗಸ್ಟಸ್‌ನನ್ನು ನಿಲ್ಲಿಸಿದ್ದು ಇದಕ್ಕೆ ಸಮೀಪವಾದ ಕ್ರಮವೇ ಆಗಿದೆ. ಅರಸನ ಬಾಳನ್ನು ಪುರಾಣಕ್ಕೆ ಹೊಂದಿಸುವ ಕವಿ ಪ್ರಭುತ್ವಕ್ಕೆ ಬೇಕಾದವನು. ಆದರೆ ಪ್ರೇಮಕವಿ ಯಾರನ್ನು ಯಾರೊಡನೆ ತಗುಳ್ಚಬೇಕು? ಅವನ ನಾಯಕ ಅವನೇ. ಅವನ ರಣರಂಗ ನಲ್ಲೆಯ ಮನೆಯ ಮುಚ್ಚಿದ ಬಾಗಿಲು. ಅರಸನಿಗೆ ಅಲ್ಲಿ ಕೆಲಸವಿಲ್ಲ. ಸಮಸ್ಯೆಯ ಬೇರು ಇಲ್ಲಿಯೇ ಇದೆಯೆಂದು ತೋರುತ್ತದೆ.

ಅಗಸ್ಟಸ್ ಮಾತ್ರ ಆ ಬಾಗಿಲೊಳಗೂ ಕೈ ಚಾಚಿದ್ದ. ಕ್ರಿ.ಪೂ. 18ರಲ್ಲಿ ಅವನು ವಿವಾಹ ಮತ್ತು ವ್ಯಭಿಚಾರಗಳನ್ನು ಕುರಿತ ಶಾಸನಗಳನ್ನು ತಂದನು. ಅಲ್ಲಿಯವರೆಗೆ ಮನೆತನದ ಯಜಮಾನನ ವಿಚಾರಣೆಗೆ ಬಿಟ್ಟಿದ್ದ ಪರಸ್ತ್ರೀಗಮನ ರಾಜ್ಯ ವಿಚಾರಿಸುವ ಅಪರಾಧವಾಯಿತು. ಮದುವೆಯಾಗದವರಿಗೆ ವಾರಸಿಕೆಯ ಹಕ್ಕಿನಲ್ಲಿ ಕಡಿತವಾಯಿತು. ಶಾಸನಕರ್ತನ ಸ್ವಂತ ಬಾಳು ಅದಕ್ಕೆ ಅಷ್ಟೇನೂ ಒಪ್ಪುವಂತಿರಲಿಲ್ಲ. ಅವನು ಲಿವಿಯಾಳನ್ನು ವರಿಸಿದಾಗ ಆಕೆ ಮೊದಲ ಗಂಡನಿಂದ ಗರ್ಭಿಣಿಯಾಗಿದ್ದಳು. ಮುಂದೆ ಕ್ರಿ.ಶ. 9ರಲ್ಲಿ ಬಂದ ತಿದ್ದುಪಡಿ ಶಾಸನಕ್ಕೆ ಹೆಸರು ಕೊಟ್ಟ ಇಬ್ಬರು ಕಾನ್ಸಲರೂ ಅವಿವಾಹಿತರಾಗಿದ್ದರೆಂದು ರೋಮಿನ ಇತಿಹಾಸಕಾರರು ನಗುತ್ತಲೇ ದಾಖಲಿಸಿದ್ದಾರೆ. ಕ್ರಿ.ಪೂ. 2ರಲ್ಲಿ ಚಕ್ರವರ್ತಿಯ ಮಗಳು ಜೂಲಿಯಾ ಇದೇ ಆರೋಪದ ಮೇಲೆ ದ್ವೀಪವೊಂದಕ್ಕೆ ಗಡಿಪಾರಾದಳು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಓವಿಡ್‌ನ 'ಪ್ರೇಮಕಲೆ' ಎಂಬ ಕೃತಿ ಹೊರಬಂದಿತು. ಕೃಷಿ, ಬೇಟೆ ಮೊದಲಾದವನ್ನು ಕಲಿಸುವ ಶಾಸ್ತ್ರಕಾವ್ಯಗಳ ಗಂಭೀರ ಧಾಟಿಯಲ್ಲಿ ಒಲಿಸಿಕೊಳ್ಳುವ ವಿದ್ಯೆಯನ್ನು ಬೋಧಿಸುವ ತುಂಟ ಕೃತಿಯಿದು. ನಲ್ಲೆಯನ್ನು ಎಲ್ಲಿ ಹುಡುಕಬೇಕು, ದಾಸಿಯನ್ನು ಹೇಗೆ ಒಳಹಾಕಿಕೊಳ್ಳಬೇಕು, ಕಾಗದದಲ್ಲಿ ಏನು ಬರೆಯಬೇಕು ಎಂಬುದೆಲ್ಲ ಇದರಲ್ಲಿದೆ. ಮೂರು ಭಾಗಗಳಲ್ಲಿ ಮೊದಲೆರಡು ಗಂಡಸರಿಗೆ, ಮೂರನೆಯದು ಹೆಂಗಸರಿಗೆ. ತನ್ನ ಪಾಠ ಮಾನವಂತ ಗೃಹಿಣಿಯರಿಗಲ್ಲವೆಂದು ಕವಿ ಮೊದಲೇ ಹೇಳಿಬಿಡುತ್ತಾನೆ. ಹೇಳುವ ರೀತಿಯಲ್ಲಿಯೇ ಆ ಮಾತನ್ನು ನಂಬಬೇಡಿರೆಂಬ ಸೂಚನೆಯೂ ಇದೆ. ವಿಶೇಷವಾಗಿ ಗಮನಿಸಬೇಕಾದುದು ಅವನು ಸೂಚಿಸುವ ಸ್ಥಳಗಳನ್ನು. ನಾಟಕಶಾಲೆ, ರಥದೋಟದ ಬಯಲು, ಲಿವಿಯಾಳ ಹೆಸರಿನ ಕಂಬಸಾಲು, ಚಕ್ರವರ್ತಿಯ ಮನೆತನ ಕಟ್ಟಿಸಿದ ದೇವಾಲಯಗಳ ಪ್ರಾಂಗಣ ಇವೆಲ್ಲ ಅಲ್ಲಿ ಹೆಣ್ಣನ್ನು ಅರಸುವ ತಾಣಗಳಾಗುತ್ತವೆ. ಪ್ರಭುತ್ವ ತನ್ನ ವೈಭವದ ಸ್ಮಾರಕಗಳೆಂದು ಎತ್ತಿ ನಿಲ್ಲಿಸಿದವನ್ನು ಕವಿ ಪ್ರಣಯಿಗಳ ಕೂಡುದಾಣಗಳನ್ನಾಗಿ ಓದಿದನು. ಅರಸನನ್ನು ಬೈಯಲಿಲ್ಲ, ಹಾಸ್ಯವನ್ನೂ ಬಹಿರಂಗವಾಗಿ ಮಾಡಲಿಲ್ಲ. ಅವನ ಪಟ್ಟಣವನ್ನು ಬೇರೊಂದು ಉಪಯೋಗಕ್ಕೆ ತಿರುಗಿಸಿಕೊಂಡನು, ಅಷ್ಟೇ.

ದಂಡನೆ ಬಂದದ್ದು ಕ್ರಿ.ಶ. 8ರಲ್ಲಿ, ಕೃತಿ ಪ್ರಕಟವಾಗಿ ಸುಮಾರು ಹತ್ತು ವರ್ಷ ಸಂದ ಮೇಲೆ. ಅದೇ ವರ್ಷ ಚಕ್ರವರ್ತಿಯ ಮೊಮ್ಮಗಳು ಕಿರಿಯ ಜೂಲಿಯಾ ಕೂಡ ಗಡಿಪಾರಾದಳು. ಓವಿಡ್‌ನನ್ನು ಸೆನೆಟ್ಟಾಗಲಿ ನ್ಯಾಯಸಭೆಯಾಗಲಿ ವಿಚಾರಿಸಲಿಲ್ಲ. ಚಕ್ರವರ್ತಿಯ ಆಜ್ಞೆಯೊಂದೇ ಸಾಕಾಯಿತು. ಕಪ್ಪು ಸಮುದ್ರದ ತೀರದ ತೋಮಿಸ್ ಎಂಬ ಊರಿಗೆ, ಈಗಿನ ರುಮೇನಿಯಾದ ಕಾನ್ಸ್ಟಾಂಟಾಗೆ, ಅವನು ಚಳಿಗಾಲದಲ್ಲಿ ಹೊರಡಬೇಕಾಯಿತು. ತನ್ನ ಕೇಡಿಗೆ ಒಂದು ಕಾವ್ಯವೂ ಒಂದು ತಪ್ಪೂ ಕಾರಣವೆಂದು ಅವನೇ ಹೇಳಿಕೊಂಡಿದ್ದಾನೆ. ಕಾವ್ಯ ಯಾವುದೆಂಬುದು ಸ್ಪಷ್ಟ. ತಪ್ಪು ಏನೆಂಬುದನ್ನು, ಚಕ್ರವರ್ತಿಯ ಗಾಯ ಮತ್ತೆ ಕೆದಕಿದಂತಾದೀತೆಂಬ ನೆಪದಿಂದ, ಅವನು ಕೊನೆಯವರೆಗೂ ಬಾಯಿಬಿಡಲಿಲ್ಲ. ನೋಡಬಾರದುದನ್ನು ನೋಡಿದೆನೆಂಬಷ್ಟು ಸುಳಿವು ಮಾತ್ರ ದೊರೆಯುತ್ತದೆ. ಆಸ್ತಿಯನ್ನು ಮುಟ್ಟುಗೋಲು ಹಾಕಲಿಲ್ಲ, ನಾಗರಿಕತ್ವವನ್ನು ಕಸಿಯಲಿಲ್ಲ. ಕಾನೂನಿನ ಭಾಷೆಯಲ್ಲಿ ಅದು ಸೌಮ್ಯವಾದ ಶಿಕ್ಷೆ. ಸಾರ್ವಜನಿಕ ಗ್ರಂಥಾಲಯಗಳಿಂದ ಮಾತ್ರ 'ಪ್ರೇಮಕಲೆ'ಯನ್ನು ತೆಗೆಸಲಾಯಿತು.

ತೋಮಿಸ್‌ನಿಂದ ಅವನು ಕಳುಹಿಸಿದ ಐದು ಭಾಗಗಳ ಶೋಕಗೀತೆಗಳಲ್ಲಿ ಎರಡನೆಯ ಭಾಗ ಇಡಿಯಾಗಿ ಅಗಸ್ಟಸ್‌ನಿಗೆ ಬರೆದ ಒಂದೇ ದೀರ್ಘ ಅಹವಾಲು. ಅದರ ವಾದ ಕುತೂಹಲಕರವಾಗಿದೆ. ಗ್ರೀಕ್ ಮತ್ತು ಲ್ಯಾಟಿನ್ ಕಾವ್ಯಗಳಲ್ಲಿ ಪ್ರೇಮವಿಲ್ಲದ ಕಾವ್ಯ ಯಾವುದು, ಚಕ್ರವರ್ತಿಗೆ ಪ್ರಿಯವಾದ ವರ್ಜಿಲನ ಮಹಾಕಾವ್ಯದಲ್ಲಿಯೇ ಜನ ಹೆಚ್ಚು ಓದುವ ಭಾಗ ಡಿಡೋಳ ಪ್ರಣಯವಲ್ಲವೇ ಎಂದು ಅವನು ಕೇಳುತ್ತಾನೆ. ಇದು ಕ್ಷಮಾಯಾಚನೆಯೋ ಪ್ರತಿವಾದವೋ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಎರಡೂ ಹೌದೆಂಬುದು ನಮ್ಮ ಅಭಿಪ್ರಾಯ. ಉಳಿದ ಪತ್ರಗಳಲ್ಲಿ ಹೊಗಳಿಕೆ ಹೇರಳವಾಗಿದೆ. ಸ್ಥಳೀಯರ ಗೆಟಿಕ್ ಭಾಷೆಯನ್ನು ಕಲಿತು ಅದರಲ್ಲಿಯೂ ಚಕ್ರವರ್ತಿಯ ಮನೆತನದ ಸ್ತುತಿ ರಚಿಸಿದೆನೆಂದು ಹೇಳಿಕೊಳ್ಳುತ್ತಾನೆ. ಫಲ ದೊರೆಯಲಿಲ್ಲ. ಕ್ರಿ.ಶ. 14ರಲ್ಲಿ ಅಗಸ್ಟಸ್ ತೀರಿಕೊಂಡ ಮೇಲೆ ಬಂದ ಟೈಬೀರಿಯಸ್ ಕೂಡ ಅವನನ್ನು ಕರೆಸಲಿಲ್ಲ. ಕ್ರಿ.ಶ. 17 ಅಥವಾ 18ರಲ್ಲಿ ಕವಿ ಅಲ್ಲಿಯೇ ಮಡಿದನು. ರೋಮಿನ ಹಬ್ಬಹರಿದಿನಗಳನ್ನು ತಿಂಗಳಿಗೊಂದರಂತೆ ಹನ್ನೆರಡು ಭಾಗಗಳಲ್ಲಿ ಹಾಡಲು ತೊಡಗಿದ್ದ ಅವನ ಕಾವ್ಯ ಜೂನ್ ತಿಂಗಳಿಗೆ ನಿಂತುಹೋಗಿದೆ.

ಇನ್ನು ನಮ್ಮ ನೆಲಕ್ಕೆ ಬರೋಣ. ಸಂಗ್ಯಾ-ಬಾಳ್ಯಾ ಕಥೆ ಬೈಲಹೊಂಗಲದಲ್ಲಿ ನಡೆದ ಘಟನೆಯೆಂದು ಈ ಭಾಗದ ಜನ ನಂಬಿದ್ದಾರೆ. ಸಿರಿವಂತನಾದ ಸಂಗ್ಯಾ ಗೆಳೆಯ ಈರಣ್ಣನ ಹೆಂಡತಿ ಗಂಗಿಯನ್ನು ಕಂಡು ಮರುಳಾಗುತ್ತಾನೆ. ಈರಣ್ಣ ವ್ಯಾಪಾರಕ್ಕೆ ಹೋದ ಸಮಯದಲ್ಲಿ ಮುದುಕಿಯೊಬ್ಬಳ ದೂತಿತನದಿಂದ, ಮೊದಮೊದಲು ಒಪ್ಪದಿದ್ದ ಗಂಗಿ ಒಲಿಯುತ್ತಾಳೆ. ಕೊನೆಗೆ ಗುಟ್ಟು ಹೊರಬೀಳುತ್ತದೆ. ಬಾಳ್ಯಾನ ವಿಶ್ವಾಸಘಾತದಿಂದ ಸಂಗ್ಯಾ ಕೊಲೆಯಾಗುತ್ತಾನೆ. ಲಾವಣಿಯಾಗಿಯೂ ಸಣ್ಣಾಟವಾಗಿಯೂ ಪ್ರಚಾರದಲ್ಲಿರುವ ಈ ಕಥನದ ಆಟದ ರೂಪವನ್ನು ಬೈಲವಾಡದ ಪತ್ತಾರ ಮಾಸ್ತರರ ಹೆಸರಿನೊಡನೆ ಜೋಡಿಸಲಾಗುತ್ತದೆ. ಚಂದ್ರಶೇಖರ ಕಂಬಾರರು ಅದನ್ನು ಸಾಹಿತ್ಯಾಸಕ್ತರ ಗಮನಕ್ಕೆ ತಂದರು.

ಓವಿಡ್‌ನನ್ನು ಓದಿ ಬಂದವರಿಗೆ ಇಲ್ಲಿಯ ಸಾಮಗ್ರಿ ಅಪರಿಚಿತವೆನಿಸದು. ಜನ ಸೇರುವ ತಾಣದಲ್ಲಿ ಕಣ್ಣು ಕಲೆಯುವುದು, ದೂತಿಯನ್ನು ಒಳಹಾಕಿಕೊಳ್ಳುವುದು, ಗಂಡ ಊರಲ್ಲಿಲ್ಲದ ವೇಳೆಯನ್ನು ಸಾಧಿಸುವುದು, ಎಲ್ಲವೂ ಅಲ್ಲಿಯಂತೆಯೇ ಇಲ್ಲಿಯೂ ಉಂಟು. ಇದು ಒಂದರ ಪ್ರಭಾವ ಇನ್ನೊಂದರ ಮೇಲಾದುದರಿಂದ ಬಂದ ಸಾಮ್ಯವಲ್ಲವೆಂದು ಹೇಳಬೇಕಾದ ಅಗತ್ಯವಿಲ್ಲ. ರೋಮಿನಲ್ಲಿ ನಾಟಕಶಾಲೆಯಿದ್ದರೆ ನಮ್ಮಲ್ಲಿ ಜಾತ್ರೆಯಿದೆ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಹುಣ್ಣಿಮೆಗಳಂದು ಸೇರುವ ಜನಸಾಗರವನ್ನು ಕಂಡವರಿಗೆ ಭಕ್ತಿಯ ಜೊತೆಯಲ್ಲಿಯೇ ಬೇರೆ ಬಗೆಯ ನೋಟಗಳೂ ಅಲ್ಲಿ ಸುಳಿಯುವುದು ತಿಳಿದೇ ಇರುತ್ತದೆ. ಇನ್ನೂ ಗಮನಾರ್ಹವಾದ ಸಾಮ್ಯವೆಂದರೆ ಹೆಣ್ಣು-ಗಂಡುಗಳ ವಾದ. ಉತ್ತರ ಕರ್ನಾಟಕದ ಹಾಡುಗಾರಿಕೆಯಲ್ಲಿ ಹರದೇಶಿ-ನಾಗೇಶಿ ಎಂಬ ಎರಡು ಪಂಥಗಳಿವೆ. ಒಂದು ಗಂಡು ಹೆಚ್ಚೆಂದು, ಇನ್ನೊಂದು ಹೆಣ್ಣು ಹೆಚ್ಚೆಂದು ಇರುಳಿಡೀ ಸವಾಲು-ಜವಾಬು ನಡೆಸುತ್ತವೆ. ಗಂಡಸರಿಗೆ ಎರಡು ಭಾಗ ಬೋಧಿಸಿದ ಮೇಲೆ ಎದುರು ಪಕ್ಷವನ್ನು ನಿರಾಯುಧವಾಗಿ ಬಿಡುವುದು ನ್ಯಾಯವಲ್ಲವೆಂದು ಮೂರನೆಯ ಭಾಗ ಬರೆದ ಓವಿಡ್ ನಮ್ಮ ಮೇಳಗಳ ನಡುವೆ ಕೂತಿದ್ದರೆ ಎರಡು ಕಡೆಗೂ ಹಾಡುತ್ತಿದ್ದನೇನೋ.

ಆದರೆ ಸಂಗ್ಯಾನ ಕಥೆ ಓವಿಡ್‌ನ ಲಘುತ್ವದಲ್ಲಿ ಮುಗಿಯುವುದಿಲ್ಲ. ರೋಮಿನ ಕವಿ ಪರಸ್ತ್ರೀಪ್ರಣಯವನ್ನು ಆಟವಾಗಿ ಕಂಡ. ಬೈಲಹೊಂಗಲದ ಕವಿ ಅದರ ಕೊನೆಯಲ್ಲಿ ಹೆಣವನ್ನು ಕಂಡ. ಊರಿನ ನ್ಯಾಯ ಇಲ್ಲಿ ಚಕ್ರವರ್ತಿಯ ಶಾಸನಕ್ಕಿಂತ ಹತ್ತಿರದಲ್ಲಿ ನಿಂತಿದೆ, ಹೆಚ್ಚು ಚೂಪಾಗಿದೆ. ಹಾಗಿದ್ದೂ ನೋಡುವವರ ಕರುಣೆ ಸತ್ತವನ ಕಡೆಗೇ ಹರಿಯುವಂತೆ ಹಾಡು ಕಟ್ಟಲ್ಪಟ್ಟಿದೆ. ಹಿರಿಯರು ಮಕ್ಕಳನ್ನು ಈ ಆಟಕ್ಕೆ ಹೋಗಬೇಡಿರೆಂದು ತಡೆದು ತಾವು ಕಂಬಳಿ ಹೊದ್ದು ಮುಂದಿನ ಸಾಲಿನಲ್ಲಿ ಕೂಡುತ್ತಿದ್ದರೆಂಬುದು ಈ ಭಾಗದ ಹಳ್ಳಿಗಳಲ್ಲಿ ನಗೆಯಾಡಿಕೊಳ್ಳುವ ಮಾತು. ಧರ್ಮ ಈರಣ್ಣನದು, ಹಾಡು ಸಂಗ್ಯಾನದು.

ಈಗ ಪ್ರಭುತ್ವ. ಆ ಕಾಲಕ್ಕೆ ಬೈಲಹೊಂಗಲ ಮುಂಬಯಿ ಇಲಾಖೆಯ ಸಂಪಗಾವಿ ತಾಲೂಕಿನ ಕೇಂದ್ರ. ಸವದತ್ತಿ ಪರಸಗಡ ತಾಲೂಕಿನದು. ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ಬ್ರಿಟಿಷ್ ಸರಕಾರಕ್ಕೆ ಆಟಪಾಟಗಳನ್ನು ತಡೆಯುವ ಶಸ್ತ್ರ ಇಲ್ಲದಿರಲಿಲ್ಲ. 1876ರ ನಾಟಕ ಪ್ರದರ್ಶನ ಕಾಯಿದೆ ರಾಜದ್ರೋಹದ ಆಟದ ಜೊತೆಗೆ ಅಶ್ಲೀಲವೆನಿಸಿದ ಆಟವನ್ನೂ ನಿಷೇಧಿಸುವ ಅಧಿಕಾರವನ್ನು ಅದಕ್ಕೆ ಕೊಟ್ಟಿತ್ತು. ಪ್ರೇಮ ಮತ್ತು ದ್ರೋಹ ಒಂದೇ ಕಾಯಿದೆಯ ಒಂದೇ ಉಸಿರಿನಲ್ಲಿ ಬಂದುದು ಅಗಸ್ಟಸ್‌ನನ್ನು ನೆನಪಿಗೆ ತರುತ್ತದೆ. ಆದರೆ ಲಾವಣಿಯ ವಿಷಯದಲ್ಲಿ ಈ ಪ್ರದೇಶದಲ್ಲಿ ನಡೆದ ಮುಖ್ಯ ಘಟನೆ ಬೇರೊಂದು ತೆರನಾದುದು.

ಜಾನ್ ಫೇತ್‌ಫುಲ್ ಫ್ಲೀಟ್ 1867ರಲ್ಲಿ ಭಾರತಕ್ಕೆ ಬಂದ ಮುಂಬಯಿ ಸಿವಿಲ್ ಸರ್ವಿಸಿನ ಅಧಿಕಾರಿ. ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಅವನ ಗ್ರಂಥ, ಸವದತ್ತಿಯೇ ಮೊದಲಾದ ಕಡೆಗಳ ರಟ್ಟಶಾಸನಗಳ ಸಂಪಾದನೆ ನಮ್ಮ ಇತಿಹಾಸರಚನೆಗೆ ಬುನಾದಿ ಹಾಕಿದವೆಂಬುದರಲ್ಲಿ ಎರಡು ಮಾತಿಲ್ಲ. ಇವನೇ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸತೊಡಗಿದನು. ಸಂಗೊಳ್ಳಿ ರಾಯಣ್ಣನ ದಂಗೆ, 1857ರ ಹಲಗಲಿ ಬೇಡರ ಬಂಡಾಯ, ಜನರ ಮೇಲೆ ಹೇರಿದ ಆದಾಯ ತೆರಿಗೆ, ಇವುಗಳ ಹಾಡುಗಳ ಸಾಲಿನಲ್ಲಿಯೇ ಸಂಗ್ಯಾನ ಪ್ರಣಯ ಮತ್ತು ಮರಣದ ಲಾವಣಿಯೂ ಬಂದಿತು. ರಾಯಣ್ಣನನ್ನು ಗಲ್ಲಿಗೇರಿಸಿದ ಸರಕಾರದ ನೌಕರನೊಬ್ಬ ಸುಮಾರು ಐವತ್ತೈದು ವರ್ಷಗಳ ನಂತರ ಆತನ ಹಾಡನ್ನು ಪದಪದವಾಗಿ ಅರ್ಥಮಾಡಿಕೊಳ್ಳುತ್ತ ಕುಳಿತ ದೃಶ್ಯ ವಿಚಾರಕ್ಕೆ ಎಡೆಗೊಡುತ್ತದೆ.

ಇದನ್ನು ಔದಾರ್ಯವೆನ್ನೋಣವೇ? ಫ್ಲೀಟ್‌ನ ವಿದ್ವತ್ತಿಗೂ ಶ್ರಮಕ್ಕೂ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಅವನು ಅಚ್ಚು ಹಾಕಿಸದಿದ್ದರೆ ಆ ಪಾಠಗಳ ಅಂದಿನ ರೂಪ ನಮಗೆ ಉಳಿಯುತ್ತಿರಲಿಲ್ಲ. ಆದರೂ ಪ್ರಭುತ್ವ ಹಾಡನ್ನು ಎದುರಿಸುವ ಮೂರು ವಿಧಗಳಿವೆಯೆಂಬುದನ್ನು ಇಲ್ಲಿ ಗುರುತಿಸಬಹುದು. ಕವಿಗೆ ಆಶ್ರಯ ಕೊಟ್ಟು ಹೊಗಳಿಸಿಕೊಳ್ಳುವುದು ಒಂದು. ಕವಿಯನ್ನು ದಂಡಿಸುವುದು ಇನ್ನೊಂದು. ಹಾಡನ್ನು ನಮೂನೆಯಾಗಿ ಸಂಗ್ರಹಿಸಿ ಕಪಾಟಿನಲ್ಲಿ ಇಡುವುದು ಮೂರನೆಯದು. ಪತ್ರಿಕೆಯ ಪುಟದಲ್ಲಿ ರಾಯಣ್ಣನ ದಂಗೆಯೂ ಸಂಗ್ಯಾನ ಒಲವೂ ಭಾಷಾಭ್ಯಾಸದ ಮತ್ತು ಜನಜೀವನದ ಸಮಾನ ಸಾಮಗ್ರಿಯಾದವು. ಎರಡರ ಕಾವೂ ಒಂದೇ ಮಟ್ಟಕ್ಕೆ ಇಳಿಯಿತು. ಬೈಲಹೊಂಗಲದ ಬಯಲಿನಲ್ಲಿ ಅವು ಹಾಗಿರಲಿಲ್ಲ. ಹಾಡನ್ನು ಕೇಳಿದ ಜನರಿಗೆ ರಾಯಣ್ಣ ಪಕ್ಕದ ಸಂಗೊಳ್ಳಿಯವ, ಸಂಗ್ಯಾ ಇದೇ ಪೇಟೆಯವ.

ಅಂಕಿತದ ಪ್ರಶ್ನೆಯನ್ನೂ ಇಲ್ಲಿಯೇ ಎತ್ತಬೇಕು. ಲಾವಣಿಕಾರ ಹಾಡಿನ ಕೊನೆಗೆ ತನ್ನ ಊರನ್ನು, ಗುರುವನ್ನು, ದೈವವನ್ನು, ಕೆಲವೊಮ್ಮೆ ತನ್ನ ಹೆಸರನ್ನು ಸೇರಿಸುತ್ತಾನೆ. ಹಲಗಲಿ ಬೇಡರ ಲಾವಣಿಯಲ್ಲಿ ಕುರ್ತಕೋಟಿಯ ಕಲ್ಮೇಶ್ವರನ ಅಂಕಿತವಿದೆ. ಬಿ.ಎಸ್. ಗದ್ದಗಿಮಠರಂಥ ವಿದ್ವಾಂಸರು ಜನಪದ ಗೀತಗಳನ್ನು ಸಂಗ್ರಹಿಸಿ ಸಂಪಾದಿಸಿದಾಗ ಇಂಥ ಅಂಕಿತಗಳ ಮಹತ್ವ ಬೆಳಕಿಗೆ ಬಂದಿತು. ಓವಿಡ್ ಕೂಡ 'ನಾಸೋ' ಎಂಬ ತನ್ನ ಮನೆತನದ ಹೆಸರನ್ನು ಪದ್ಯಗಳೊಳಗೇ ನೇಯುತ್ತಿದ್ದ. ತೋಮಿಸ್‌ನಿಂದ ಬರೆದಾಗಲಂತೂ ಅದು ಬರಿಯ ಅಂಕಿತವಾಗಿರದೆ ತಾನಿನ್ನೂ ಬದುಕಿದ್ದೇನೆಂಬುದಕ್ಕೆ ಸಾಕ್ಷಿಯಾಗಿತ್ತು. ಇದನ್ನು ಗಮನದಲ್ಲಿರಿಸಿಕೊಂಡು ನಮ್ಮ ಶತಮಾನದ ಹಿಂದಿನ 'ಅಂಬಿಕಾತನಯದತ್ತ'ನ ಕಡೆಗೆ ತಿರುಗಬಹುದು.

ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು 1896ರ ಜನವರಿ 31ರಂದು ಧಾರವಾಡದಲ್ಲಿ ಜನಿಸಿದರು. ಅಲ್ಲಿಯೇ ವಿಕ್ಟೋರಿಯಾ ಹೆಸರಿನ ಪ್ರೌಢಶಾಲೆಯಲ್ಲಿ ಶಿಕ್ಷಕರಾದರು. 1922ರ ಸುಮಾರಿಗೆ ರೂಪುಗೊಂಡ ಗೆಳೆಯರ ಗುಂಪು ಅವರ ಸುತ್ತ ಬೆಳೆಯಿತು. ಕಿತ್ತೂರಿನಿಂದ ಧಾರವಾಡಕ್ಕೆ ಹಾದಿ ದೂರವಲ್ಲ. ಈ ಎರಡರ ನಡುವಣ ಹಳ್ಳಿಗಳ ಗೀಗೀ ಪದ, ಲಾವಣಿ, ತ್ರಿಪದಿ, ಗೊಂದಲಿಗರ ಮತ್ತು ಜೋಗತಿಯರ ಹಾಡುಗಳ ಲಯ ಬೇಂದ್ರೆಯವರ ಕಾವ್ಯದ ನಾಡಿಯಲ್ಲಿ ಮಿಡಿಯುತ್ತದೆ. ದಾಂಪತ್ಯದ ಪ್ರೇಮವನ್ನು, ಮುನಿಸನ್ನು, ಬಡತನವನ್ನು, ಮಕ್ಕಳನ್ನು ಕಳೆದುಕೊಂಡ ನೋವನ್ನು ಇಷ್ಟು ನಿಕಟವಾಗಿ ಹಾಡಿದ ಕವಿ ಹೊಸಗನ್ನಡದಲ್ಲಿ ಇನ್ನೊಬ್ಬರಿಲ್ಲವೆಂದರೆ ಉತ್ಪ್ರೇಕ್ಷೆಯಾಗಲಾರದು. ಅವರನ್ನು ಪ್ರೇಮಕವಿಯೆಂದು ಮಾತ್ರ ಕರೆದರೆ ಅವರ ವ್ಯಾಪ್ತಿಯನ್ನು ಕುಗ್ಗಿಸಿದಂತಾದೀತು. ಆದರೂ ಪ್ರೇಮ ಅವರ ದರ್ಶನದ ನಡುಗಂಬವೆಂಬುದು ನಿಜ.

ಇಂಥ ಕವಿಯ 'ನರಬಲಿ' ಎಂಬ ಕವನ ಬ್ರಿಟಿಷ್ ಸರಕಾರದ ಕಣ್ಣಿಗೆ ರಾಜದ್ರೋಹವಾಗಿ ಕಂಡಿತು. ಅದು 1932ರ 'ಗರಿ' ಸಂಕಲನದಲ್ಲಿದೆ. ಕಾನೂನುಭಂಗ ಚಳವಳಿಯ ಬಿಸಿ ಆರದಿದ್ದ ವರ್ಷವದು. ಬೇಂದ್ರೆಯವರನ್ನು ಬೆಳಗಾವಿಗೆ ಹತ್ತಿರದ ಹಿಂಡಲಗಾ ಸೆರೆಮನೆಯಲ್ಲಿ ಇಡಲಾಯಿತು. ಅನಂತರ ಧಾರವಾಡದ ಸಮೀಪದ ಮುಗದ ಗ್ರಾಮದಲ್ಲಿ ನಜರಬಂದಿಯಾಗಿ ಇರಿಸಲಾಯಿತು. ಶಿಕ್ಷಕನ ಉದ್ಯೋಗ ಹೋಯಿತು. ಮುಂದಿನ ಎಷ್ಟೋ ವರ್ಷಗಳು ಸ್ಥಿರವಾದ ಜೀವನೋಪಾಯವಿಲ್ಲದೆ ಕಳೆದವು. 1944ರಲ್ಲಿ ಸೋಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗುವವರೆಗೆ ಆ ಅಲೆದಾಟ ನಿಲ್ಲಲಿಲ್ಲ.

ಎರಡು ದಂಡನೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಸ್ವಾರಸ್ಯವಾದ ವ್ಯತ್ಯಾಸಗಳು ಕಾಣುತ್ತವೆ. ಓವಿಡ್‌ನನ್ನು ಸಾಮ್ರಾಜ್ಯದ ಅಂಚಿಗೆ, ಅವನ ಭಾಷೆಯನ್ನಾಡುವವರು ಸಿಗದ ಊರಿಗೆ ಕಳುಹಿಸಲಾಯಿತು. ಬೇಂದ್ರೆಯವರನ್ನು ಕಳುಹಿಸಿದ್ದು ಅವರ ಮನೆಯಿಂದ ನಡೆದು ಹೋಗಿಬರಬಹುದಾದ ಹಳ್ಳಿಗೆ. ಅಲ್ಲಿ ಸುತ್ತಲೂ ಕೇಳುತ್ತಿದ್ದುದು ಅವರದೇ ಕನ್ನಡ. ಅಲ್ಲಿ ಶಿಕ್ಷೆಯ ತೂಕವಿದ್ದುದು ದೂರದಲ್ಲಿ. ಇಲ್ಲಿ ಅದು ಅನ್ನದ ದಾರಿ ಮುಚ್ಚಿದುದರಲ್ಲಿತ್ತು. ಓವಿಡ್‌ನಿಗೆ ಆಸ್ತಿ ಉಳಿಯಿತು, ಊರು ಉಳಿಯಲಿಲ್ಲ. ಬೇಂದ್ರೆಯವರಿಗೆ ಊರು ಉಳಿಯಿತು, ಸಂಬಳ ಉಳಿಯಲಿಲ್ಲ. ಎರಡನೆಯದಾಗಿ, ಓವಿಡ್ ಅಪರಾಧಿಯಾದದ್ದು ಪ್ರೇಮಕಾವ್ಯದಿಂದ. ಬೇಂದ್ರೆಯವರ ಪ್ರೇಮಕವನಗಳನ್ನು ಸರಕಾರ ಮುಟ್ಟಲಿಲ್ಲ. 1870ರಲ್ಲಿ ದಂಡಸಂಹಿತೆಗೆ ಸೇರಿದ 124ಎ ಕಲಮು ರಾಜ್ಯದ ಬಗೆಗೆ ಅಪ್ರೀತಿಯನ್ನು ಹುಟ್ಟಿಸುವುದನ್ನು ಅಪರಾಧವೆಂದು ಹೇಳುತ್ತಿತ್ತು. ಅಪ್ರೀತಿ! ಈ ಪದವನ್ನು ಕಾನೂನು ಪಂಡಿತರು ಹೇಗೆಯೇ ವ್ಯಾಖ್ಯಾನಿಸಲಿ, ಪ್ರಜೆ ಪ್ರಭುತ್ವವನ್ನು ಪ್ರೀತಿಸಲೇಬೇಕೆಂಬ ನಿರೀಕ್ಷೆ ಅದರೊಳಗಿದೆ. ಅಗಸ್ಟಸ್ ಪ್ರಜೆಗಳ ಪ್ರೀತಿ ಯಾರ ಮೇಲೆ ಹರಿಯಬೇಕೆಂದು ಕಾನೂನು ಮಾಡಿದ. ಬ್ರಿಟಿಷರು ಅದು ತಮ್ಮ ಮೇಲೆಯೇ ಹರಿಯಬೇಕೆಂದು ಮಾಡಿದರು. ಪ್ರೀತಿಯನ್ನು ಆಜ್ಞೆಯಿಂದ ಪಡೆಯಬರುವುದಿಲ್ಲವೆಂಬುದನ್ನು ತನ್ನ ಕಸುಬಿನಿಂದಲೇ ಬಲ್ಲವನು ಪ್ರೇಮಕವಿ. ಅವನು ಪ್ರಭುತ್ವದ ವಿಷಯ ಬರೆಯದಿದ್ದಾಗಲೂ ಆ ಅರಿವು ಅವನ ಹಾಡಿನಲ್ಲಿರುತ್ತದೆ.

ಬೇಂದ್ರೆಯವರ ಮುಂದಿನ ಬರವಣಿಗೆಯಲ್ಲಿ ಬಂಧನದ ಗುರುತುಗಳೆಲ್ಲಿ? 1937ರ 'ಸಖೀಗೀತ' ಗೃಹಜೀವನದ ಸುಖದುಃಖಗಳ ದೀರ್ಘಕಾವ್ಯ. 1943ರಲ್ಲಿ ಬಂದುದು ಕಾಳಿದಾಸನ 'ಮೇಘದೂತ'ದ ಕನ್ನಡ ರೂಪ. ಒಡೆಯನಾದ ಕುಬೇರನ ಸೇವೆಯಲ್ಲಿ ಎಡವಿ, ವರ್ಷದ ಶಾಪಕ್ಕೆ ಗುರಿಯಾಗಿ, ನಲ್ಲೆಯನ್ನಗಲಿ ರಾಮಗಿರಿಯಲ್ಲಿ ದಿನವೆಣಿಸುವ ಯಕ್ಷನ ಕಥೆಯದು. ಒಡೆಯನ ಸಿಟ್ಟು, ಗಡಿಪಾರು, ಪ್ರೇಮ ಮೂರನ್ನೂ ಒಂದೇ ಹೆಣಿಗೆಯಲ್ಲಿ ತಂದ ಆ ಕಾವ್ಯವನ್ನು ಹಿಂಡಲಗಾ ಮತ್ತು ಮುಗದಗಳನ್ನು ಕಂಡುಬಂದ ಕವಿ ಆರಿಸಿಕೊಂಡದ್ದು ಬರಿಯ ಆಕಸ್ಮಿಕವಾಗಿರಲಾರದೆಂದು ಈ ಲೇಖಕನಿಗೆ ಅನ್ನಿಸುತ್ತದೆ. ಸಂಸ್ಕೃತ ಕಾವ್ಯದಲ್ಲಿ ಯಕ್ಷ ತನ್ನ ಒಡೆಯನಿಗೆ ಅಹವಾಲು ಬರೆಯುವುದಿಲ್ಲ. ಮೋಡದ ಕೈಯಲ್ಲಿ ಹೆಂಡತಿಗೆ ಸಂದೇಶ ಕಳುಹಿಸುತ್ತಾನೆ. ಓವಿಡ್ ಹೆಂಡತಿಗೂ ಪತ್ರಗಳನ್ನು ಬರೆದ. ಆದರೆ ಅವುಗಳಲ್ಲಿಯೂ, ಲಿವಿಯಾಳ ಬಳಿಗೆ ಹೋಗಿ ನನಗಾಗಿ ಬೇಡಿಕೋ ಎಂಬ ಮಾತು ಬರುತ್ತದೆ. ಗಂಡಹೆಂಡಿರ ನಡುವಣ ಪತ್ರದೊಳಗೂ ಅರಮನೆ ಬಂದು ಕುಳಿತಿದೆ. ಈ ಕಾರಣದಿಂದ ಅವನ ಗಡಿಪಾರಿನ ಕಾವ್ಯ ನಮ್ಮ ಮರುಕವನ್ನು ಪಡೆದರೂ ಮೇಘದೂತದ ಸ್ವಾತಂತ್ರ್ಯವನ್ನು ಮುಟ್ಟುವುದಿಲ್ಲವೆಂದೇ ಹೇಳಬೇಕು. ಪಾಶ್ಚಾತ್ಯ ವಿಮರ್ಶಕರಲ್ಲಿ ಹಲವರು ಇದನ್ನು ಒಪ್ಪಲಾರರು.

ಪ್ರಭುತ್ವಗಳು ತಾವು ಕೊಟ್ಟ ಶಿಕ್ಷೆಯನ್ನು ಮರೆಯುವ ಬಗೆಯೂ ಭಿನ್ನವಾಗಿಲ್ಲ. ಗಡಿಪಾರಾದ ಕವಿಯ ಕಂಚಿನ ಪ್ರತಿಮೆ ಕಾನ್ಸ್ಟಾಂಟಾದಲ್ಲಿ 1887ರಲ್ಲಿ ನಿಂತಿತು, ಅಂದರೆ ಫ್ಲೀಟ್ ನಮ್ಮ ಲಾವಣಿಗಳನ್ನು ಅಚ್ಚಿಗೆ ಕೊಡುತ್ತಿದ್ದ ವರ್ಷಗಳಲ್ಲಿಯೇ. 2017ರ ಡಿಸೆಂಬರಿನಲ್ಲಿ ರೋಮಿನ ನಗರಸಭೆ ಓವಿಡ್‌ನ ಗಡಿಪಾರನ್ನು ರದ್ದುಗೊಳಿಸಿ ನಿರ್ಣಯ ಮಾಡಿತು; ಕವಿ ಸತ್ತು ಆಗ ಎರಡು ಸಾವಿರ ವರ್ಷಗಳಾಗಿದ್ದವು. ಬೇಂದ್ರೆಯವರಿಗೆ ಅಷ್ಟು ಕಾಯಬೇಕಾಗಲಿಲ್ಲ. 'ಅರಳು ಮರಳು' ಸಂಕಲನಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, 1968ರಲ್ಲಿ ಪದ್ಮಶ್ರೀ, 'ನಾಕುತಂತಿ'ಗೆ ಜ್ಞಾನಪೀಠ ಬಂದವು. ಅವರು 1981ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಸಂಗ್ಯಾನ ಲಾವಣಿಯ ಕವಿಗೆ ಪ್ರತಿಮೆಯೂ ಇಲ್ಲ, ನಿರ್ಣಯವೂ ಇಲ್ಲ. ಫ್ಲೀಟ್ ಅಚ್ಚು ಹಾಕಿಸಿದ ಪಾಠವನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ ತಾಲೂಕುಗಳ ಮೇಳಗಳು ಹಾಡುವ ಪಾಠಗಳೊಡನೆ ಸಾಲುಸಾಲಾಗಿ ಹೋಲಿಸುವ ಕೆಲಸ ಆಗಬೇಕಾಗಿದೆ. ಗಂಗಿಯ ಮಾತುಗಳು ಅಚ್ಚಿನಲ್ಲಿ ಎಷ್ಟಿವೆ, ಬಯಲಿನಲ್ಲಿ ಎಷ್ಟಿವೆ ಎಂಬುದನ್ನು ಮೊದಲು ನೋಡಬೇಕು. ಹಾಡುವ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ ಇದನ್ನು ಗ್ರಂಥಾಲಯಕ್ಕಿಂತ ಮುಂಚೆ ಹಳ್ಳಿಯಲ್ಲಿ ಆರಂಭಿಸುವುದು ಸೂಕ್ತ.